ಮೂರು ಮೇಣದಬತ್ತಿ

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನೀರಿನ ತಟ್ಟೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು, ಮೇಲೆ ಗಾಜಿನ ಲೋಟ ಕವುಚಿದರು. ಬತ್ತಿ ಆರಿತು, ಲೋಟದೊಳಗೆ ನೀರು ಏರಿತು. “ಆಮ್ಲಜನಕ ಖಾಲಿಯಾದ ಜಾಗಕ್ಕೆ ನೀರು ಬಂತು. ಬರ್ಕೊಳ್ರೋ!” ಬರೆದುಕೊಂಡೆ. ಆದರೆ ಉರಿಯುವಾಗ ಸುಮ್ಮನಿದ್ದ ನೀರು, ಆರಿದ ಮೇಲೆ ಯಾಕೆ ಸರಸರ ಏರಿತು? ಕೇಳಲು ಭಯ. ತಲೆ ನರೆತರೂ ಆ ಅನುಮಾನ ಹೋಗಲಿಲ್ಲ.

ಮೊನ್ನೆ ಬೆಳ್ಳಾವಿಯ ನಮ್ಮ ಮನೆಯಲ್ಲಿ ಮೊಮ್ಮಗಳು ಅದನ್ನೇ ಮಾಡಿದಳು. “ತಾತ, ಮೂರು ಬತ್ತಿ ಇಡೋಣ್ವಾ?” ಇಟ್ಟೆವು. ನೀರು ಇನ್ನೂ ಮೇಲೇರಿತು! ಲೋಟ ಅದೇ, ಅದರೊಳಗಿನ ಆಮ್ಲಜನಕವೂ ಅಷ್ಟೇ, ಹೆಚ್ಚಿದ್ದು ಬಿಸಿ. ಕಾದ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿರುತ್ತದೆ; ಬತ್ತಿ ಆರಿದಾಗ ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ದೂಡುತ್ತದೆ.

“ನಾಳೆ ಟೀಚರ್‌ಗೆ ಹೇಳಲಾ?”

“ಹೇಳ್ಬೇಡ ಮಗ, ಮೂರು ಬತ್ತಿ ತಗೊಂಡು ಹೋಗು” ಎಂದೆ.