ಅರಮನೆಯಂಗಳದ ಡೇರೆಯ ಪಾಠ

ಶರದೃತುವು ಸಮೀಪಿಸಿತೆಂಬುದನ್ನು ನಮ್ಮ ಮೈಸೂರಿನಲ್ಲಿ ಪಂಚಾಂಗವನ್ನು ನೋಡಿ ತಿಳಿಯಬೇಕಾದುದಿಲ್ಲ. ಭಾದ್ರಪದದ ಮೋಡಗಳು ಚಾಮುಂಡಿ ಬೆಟ್ಟದ ನೆತ್ತಿಯನ್ನು ಬಿಟ್ಟು ಚದುರುವಷ್ಟರಲ್ಲಿಯೇ ದಸರೆಯ ಆನೆಗಳು ಬೀದಿಗೆ ಬಂದಿರುವುವು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ನಡೆದು ಹಿಂದಿರುಗುವುದೇ ಅವುಗಳ ನಿತ್ಯಾಭ್ಯಾಸ. ಬೀದಿಯ ಎರಡು ಪಕ್ಕಗಳಲ್ಲಿಯೂ ನಿಂತ ಜನರು ಆನೆಯನ್ನು ನೋಡುವರು. ಮೇಲೆ ಕುಳಿತ ಮಾವುತನನ್ನು ಕೆಲವರು ನೋಡುವರು. ಆ ಮಾವುತನಿಗೂ ಮಕ್ಕಳಿರುವರೆಂದು ನೆನೆಯುವವರು ವಿರಳ. ನಾನೂ 60 ವರ್ಷಗಳ ಕಾಲ ನೆನೆದವನಲ್ಲ.

ಆನೆಗಳು ಕಾಡಿನ ಶಿಬಿರಗಳಿಂದ ಹೊರಟಾಗ ಮಾವುತರೂ ಕಾವಾಡಿಗಳೂ ಹೆಂಡಿರುಮಕ್ಕಳೊಡನೆ ಬಂದು, ಕೋಡಿ ಸೋಮೇಶ್ವರ ದೇವಾಲಯದ ಬಳಿ ಹಾಕಿದ ಬಿಡಾರಗಳಲ್ಲಿ ಇಳಿಯುವರು. ಅವರಲ್ಲಿ ಅನೇಕರು ಜೇನುಕುರುಬರೇ ಮೊದಲಾದ ಕಾಡಿನ ಜನರು; ಮನೆಯಲ್ಲಿ ಆಡುವ ಮಾತು ನಮ್ಮ ಪುಸ್ತಕದ ಕನ್ನಡವಲ್ಲ. ಹಬ್ಬವು ಮುಗಿಯುವವರೆಗೆ ಈ ಮಕ್ಕಳ ಓದು ನಿಲ್ಲಬಾರದೆಂದು ಶಿಕ್ಷಣ ಇಲಾಖೆಯು ಅರಮನೆಯ ಆವರಣದಲ್ಲಿಯೇ ಒಂದು ತಾತ್ಕಾಲಿಕ ಶಾಲೆಯನ್ನು ನಡೆಸುವುದು. ಜನರು ಅದನ್ನು ಟೆಂಟ್ ಶಾಲೆಯೆನ್ನುವರು. ಆ ಶಾಲೆಯ ಆಯುಸ್ಸು ಎರಡು ತಿಂಗಳಿಗಿಂತ ಕಡಿಮೆ.

2019ನೆಯ ಇಸವಿಯಲ್ಲಿ ನಾನು ನಿವೃತ್ತನಾದೆನು. ಆ ವರ್ಷದ ಭಾದ್ರಪದದಲ್ಲಿ, ಪರಿಚಿತರಾದ ಉಪಾಧ್ಯಾಯಿನಿಯೊಬ್ಬರು ಕೆಲವು ವಾರಗಳ ಮಟ್ಟಿಗೆ ತಮಗೆ ನೆರವಾಗಬೇಕೆಂದು ಕೇಳಿದರು; ಹೊತ್ತು ಹೋಗದಿದ್ದ ನಾನು ಒಪ್ಪಿಕೊಂಡೆನು. ನಾನು 1876ರಲ್ಲಿ ಸ್ಥಾಪಿತವಾದ ಇಲ್ಲಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದವನು. ಎಳೆಯ ಮಕ್ಕಳ ಮುಂದೆ ಒಂದು ದಿನವೂ ನಿಂತವನಲ್ಲ. ಆದರೆ ವರ್ಣಮಾಲೆಯ ವಿಷಯದಲ್ಲಿ ನನಗೆ ದೊಡ್ಡ ಅಭಿಮಾನವಿತ್ತು. ಕವರ್ಗವು ಕಂಠದಲ್ಲಿ ಹುಟ್ಟಿ, ತಾಲು, ಮೂರ್ಧ, ದಂತಗಳನ್ನು ಕ್ರಮವಾಗಿ ದಾಟಿ, ಪವರ್ಗವು ತುಟಿಗೆ ಬರುವ ಆ ಸೊಗಸಿಗೆ ಸಮನಾದ ವ್ಯವಸ್ಥೆಯು ಎಲ್ಲಿಯೂ ಇಲ್ಲವೆಂದು ನಂಬಿದ್ದೆನು; ಈಗಲೂ ನಂಬುವೆನು.

ಮೊದಲನೆಯ ದಿನವೇ ಹಲಗೆಯ ಮೇಲೆ ಸ್ವರಗಳನ್ನೆಲ್ಲ ಬರೆದು ಮಕ್ಕಳಿಂದ ಹೇಳಿಸಿದೆನು. ಡೇರೆಯ ಬಾಗಿಲ ಬಳಿ ಕುಳಿತಿದ್ದ, ಏಳು ವರ್ಷದ ಒಬ್ಬ ಕಾವಾಡಿಯ ಮಗನು ಬಾಯಿ ತೆರೆಯಲಿಲ್ಲ. ತಲೆ ತಗ್ಗಿಸಿ ತನ್ನ ಸ್ಲೇಟಿನಲ್ಲಿ ಏನನ್ನೋ ಬರೆಯುತ್ತಿದ್ದನು. ಬಗ್ಗಿ ನೋಡಿದೆನು. ರ, ಗ, ಸ ಎಂದಿತ್ತು. "ಅಕಾರವೇ ಬಾರದೆ ರಕಾರವೆಲ್ಲಿಂದ ಬಂದಿತು? ಇದು ಕ್ರಮವಲ್ಲ" ಎಂದು ಹೇಳಿ ನನ್ನ ಕೈಯಿಂದಲೇ ಒರಸಿಬಿಟ್ಟೆನು. ಹುಡುಗನು ಅಳಲಿಲ್ಲ. ಖಾಲಿಯಾದ ಸ್ಲೇಟನ್ನು ಒಂದು ಕ್ಷಣ ನೋಡಿ ಕೆಳಗಿಟ್ಟನು. ಮರುದಿನ ಅವನು ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ.

ಉಪಾಧ್ಯಾಯಿನಿಯವರು ಕಾರಣವನ್ನು ಕೇಳಿ, ನನ್ನನ್ನು ಜರೆಯದೆ ಮೆಲ್ಲಗೆ ತಿಳಿಸಿದರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯನ್ನು 2009ರಿಂದ ನಾಡಿನ ಸರಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಿದುದನ್ನು ನಾನು ಕೇಳಿ ಬಲ್ಲೆನು. ಆಟದಿಂದ ವಿದ್ಯೆ ಬರುವುದೇ ಎಂದು ಹಾಸ್ಯಮಾಡಿಯೂ ಇದ್ದೆನು. ಆ ಪದ್ಧತಿಯಲ್ಲಿ ಮೊದಲು ಕಲಿಸುವ ಅಕ್ಷರಗಳು ರ, ಗ, ಸ, ದ, ಅ ಎಂಬ ಐದು. ಹುಡುಗನ ಊರು ಅದೇ ತಾಲ್ಲೂಕಿನ ಕಾಡಂಚು. ಅವನು ತನ್ನ ಊರಿನ ಶಾಲೆಯಿಂದ ಹೊತ್ತುತಂದಿದ್ದ ಬುತ್ತಿಯೇ ಅದು. ಅದನ್ನು ನಾನು ಚೆಲ್ಲಿದ್ದೆನು.

ಆ ಸಂಜೆ ಬಿಡಾರದ ಕಡೆಗೆ ಹೋದೆನು. ಹುಡುಗನು ತೊಟ್ಟಿಯ ಬಳಿ ತಂದೆಯೊಡನೆ ನಿಂತಿದ್ದನು. ಆನೆಯು ನೀರು ಕುಡಿಯುತ್ತಿತ್ತು. ಏನು ಮಾತನಾಡಬೇಕೆಂದು ತೋಚದೆ, ನನಗೆ ತಿಳಿದ ವಿದ್ಯೆಯನ್ನೇ ತೆಗೆದೆನು. "ಮಗು, ಸಂಸ್ಕೃತದಲ್ಲಿ ಆನೆಗೆ ದ್ವಿಪವೆಂದು ಹೆಸರು. ಸೊಂಡಿಲಿನಿಂದ ಒಮ್ಮೆ, ಬಾಯಿಂದ ಒಮ್ಮೆ, ಹೀಗೆ ಎರಡು ವಿಧದಲ್ಲಿ ಕುಡಿಯುವುದರಿಂದ ಆ ಹೆಸರು" ಎಂದೆನು. ಹುಡುಗನು ಮೊದಲ ಬಾರಿಗೆ ನನ್ನ ಮುಖವನ್ನು ನೋಡಿ ನಕ್ಕನು. "ಸೊಂಡಿಲಲ್ಲಿ ಕುಡಿಯಲ್ಲ ಸಾರ್. ಎಳ್ಕೊಂಡು ಬಾಯಿಗೆ ಬಿಟ್ಕೊಳ್ಳುತ್ತೆ. ನೋಡಿ" ಎಂದನು. ನೋಡಿದೆನು. ಆನೆಯು ನೀರನ್ನು ಸೊಂಡಿಲಿನಲ್ಲಿ ಎಳೆದು, ಅದನ್ನು ಮಡಿಚಿ ಬಾಯೊಳಗೆ ಬಿಟ್ಟಿತು. ಹತ್ತನೆಯ ವಯಸ್ಸಿನಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದಂದಿನಿಂದ ಆ ಪದವು ನನ್ನ ನಾಲಗೆಯ ಮೇಲಿತ್ತು. ಅರಮನೆಯ ಆನೆಗಳು ಕಣ್ಣೆದುರಿಗೇ ಇದ್ದುವು. ಎರಡು ಕುಡಿತವಲ್ಲ, ಒಂದೇ ಕುಡಿತದ ಎರಡು ಮೆಟ್ಟಿಲು ಎಂಬುದನ್ನು 60ನೆಯ ವಯಸ್ಸಿನಲ್ಲಿ ಈ ಬಾಲಕನು ತಿಳಿಸಬೇಕಾಯಿತು.

"ನೀನು ಹೇಳಿದುದೇ ಸರಿ. ಅಂದು ನಾನು ಒರಸಿದುದು ತಪ್ಪು" ಎಂದೆನು. ತಂದೆಯು ಸಂಕೋಚಪಟ್ಟನು, ಹುಡುಗನು ಏನೂ ಹೇಳಲಿಲ್ಲ. ಮರುದಿನ ಅವನು ಡೇರೆಗೆ ಬಂದನು.

ಅಂದು ಹಲಗೆಯ ಮೇಲೆ ನಾನೇನನ್ನೂ ಬರೆಯಲಿಲ್ಲ. ನಿಮಗೆ ಬರುವುದನ್ನು ಬರೆಯಿರೆಂದೆನು. ಹುಡುಗನು ರ, ಗ, ಸ, ದ, ಅ ಎಂದು ಐದನ್ನೂ ಬರೆದನು. ಕೆಳಗೆ ಸರ, ಅಗಸ ಎಂದು ಬರೆದನು. ಆಮೇಲೆ ಸ್ವಲ್ಪ ಯೋಚಿಸಿ, 'ದಸರ' ಎಂದು ಬರೆದು ನನ್ನೆಡೆಗೆ ತಿರುಗಿಸಿದನು. ಕೊನೆಯ ದೀರ್ಘವಿರಲಿಲ್ಲ. ನಾನು ತಿದ್ದಲಿಲ್ಲ. ಮನಸ್ಸಿನಲ್ಲಿಯೇ ಎಣಿಸಿದೆನು: ನನ್ನ ಕ್ರಮದಲ್ಲಿ ದಕಾರವು 18ನೆಯ ವ್ಯಂಜನ, ರಕಾರವು 27ನೆಯದು, ಸಕಾರವು 32ನೆಯದು. ಸ್ವರಗಳನ್ನು ಮೊದಲು ಮುಗಿಸಿ ದಿನಕ್ಕೊಂದು ಅಕ್ಷರವನ್ನು ಕಲಿಸಿದ್ದರೆ, ಅವನು ಈ ಪದವನ್ನು ಮುಟ್ಟುವಷ್ಟರಲ್ಲಿ ದಸರೆಯೂ ಮುಗಿದು, ಶಾಲೆಯೂ ಮುಗಿದು, ಆನೆಗಳು ಕಾಡನ್ನು ಸೇರಿರುತ್ತಿದ್ದುವು.

ಆ ಬಳಿಕ ನಮ್ಮ ಪಾಠಗಳು ಡೇರೆಯ ಹೊರಗಿನಿಂದಲೇ ಬಂದುವು. ಅಂಬಾರಿಯ ತೂಕ 750 ಕಿಲೋಗ್ರಾಮು. 50 ಕಿಲೋಗ್ರಾಮಿನ ಮರಳಿನ ಮೂಟೆಗಳು ಎಷ್ಟಾದರೆ ಅದಕ್ಕೆ ಸಮ? ಹದಿನೈದೆಂದು ದೊಡ್ಡ ಮಕ್ಕಳು ಹೇಳಿದರು. ಮಾವುತರು ಮೊದಲು ಆನೆಯನ್ನು ಬರಿಬೆನ್ನಿನಲ್ಲಿ ನಡೆಸುವರು. ಆಮೇಲೆ ಮರಳಿನ ಮೂಟೆಗಳನ್ನು ಹೊರಿಸಿ ಭಾರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವರು. ಆಮೇಲೆ ಮರದ ಅಂಬಾರಿ. ಕೊನೆಗೆ ವಿಜಯದಶಮಿಯಂದು ಚಿನ್ನದ್ದು. ಫಿರಂಗಿಯ ಸದ್ದಿಗೂ ಮುಂಚಿತವಾಗಿಯೇ ಅಭ್ಯಾಸ ಮಾಡಿಸುವರು. ಓದು ಬಾರದ ಎಷ್ಟೋ ಮಾವುತರು ಅನುಸರಿಸುವ ಈ ಕ್ರಮವನ್ನು, ಓದಿದ ನಾನು ಒಂದು ಮಗುವಿನ ವಿಷಯದಲ್ಲಿ ಅನುಸರಿಸಿರಲಿಲ್ಲ. ಮೊದಲ ದಿನವೇ ಪೂರ್ಣ ಭಾರವನ್ನು ಹೊರಿಸಿದ್ದೆನು.

ಅಕ್ಟೋಬರ್ 8ರ ವಿಜಯದಶಮಿಯು ಕಳೆದ ಬಳಿಕ ಲಾರಿಗಳು ಬಂದುವು. ಆನೆಗಳು ಏರಿದುವು, ಪಾತ್ರೆ, ಹಾಸಿಗೆ, ಮಕ್ಕಳು ಏರಿದರು. ಹುಡುಗನು ಸ್ಲೇಟನ್ನು ಎದೆಗೆ ಅವುಚಿಕೊಂಡಿದ್ದನು. ಮುಂದಿನ ವರ್ಷ ಬಂದು ವರ್ಣಮಾಲೆಯ ಕ್ರಮವನ್ನು ಕಲಿಯುವೆಯಾ ಎಂದು ಕೇಳಿದೆನು; ತಲೆಯಾಡಿಸಿದನು. ಆದರೆ 2020ರಲ್ಲಿಯೂ 2021ರಲ್ಲಿಯೂ ಮಹಾವ್ಯಾಧಿಯ ಕಾರಣದಿಂದ ಮೆರವಣಿಗೆಯು ಅರಮನೆಯ ಆವರಣದೊಳಗೇ ನಡೆಯಿತು. ನನ್ನಂಥವರು ಮನೆ ಬಿಟ್ಟು ಹೊರಡಲಿಲ್ಲ. 2022ರಲ್ಲಿ ಹೋಗಿ ಹುಡುಕಿದೆನು. ಪ್ರತಿವರ್ಷವೂ ಅವೇ ಆನೆಗಳು ಬರುವುವೆಂಬ ನಿಯಮವಿಲ್ಲ, ಅವನಿರಲಿಲ್ಲ. ಅವನ ಓದು ಮುಂದುವರಿಯಿತೋ ನಿಂತಿತೋ ನಾನರಿಯೆನು. ಅಂದು ಆ ಸ್ಲೇಟನ್ನು ನಾನು ಒರಸಿದುದನ್ನು ಮರೆಸುವಷ್ಟು ಅಕ್ಷರಗಳನ್ನು ಆಮೇಲೆ ಅವನು ಬರೆದಿರಲೆಂದು ಹಾರೈಸುವೆನು.

ಮಹಾನವಮಿಗೆ ಮುಂಚೆ ಸರಸ್ವತಿಯ ಪೂಜೆಗೆ ನಮ್ಮ ಮನೆಯಲ್ಲಿ ಇಂದಿಗೂ ಅಮರಕೋಶವನ್ನೇ ಮೇಲಿಡುವೆವು. ಅದರಲ್ಲಿ ದ್ವಿಪವೆಂಬ ಪದದ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಒಂದು ಟಿಪ್ಪಣಿಯನ್ನು ಬರೆದಿರುವೆನು: 'ಎಳೆದುಕೊಂಡು ಬಾಯಿಗೆ ಬಿಟ್ಟುಕೊಳ್ಳುತ್ತದೆ.' ವ್ಯಾಖ್ಯಾನಕಾರನ ಹೆಸರನ್ನು ಬರೆದಿಲ್ಲ. ದಸರೆಯ ಆನೆಗಳನ್ನು ನೋಡಲು ಹೋಗುವ ವಾಚಕರು, ಆ ಡೇರೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕೆಂದು ಮಾತ್ರ ನನ್ನ ಪ್ರಾರ್ಥನೆ.