12 ವ್ಯಾಟ್‌ನ ಪೆಟ್ಟಿಗೆ

ಕಳೆದ ವರ್ಷ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ವಾರದಲ್ಲೇ ಅಮ್ಮಿಯ ಫೋನ್ ನೀರಿಗೆ ಬಿತ್ತು. ಅದೂ ಎಂಥ ನೀರು, ಗೂಡು ಬೇಯಿಸುವ ಬಿಸಿನೀರು. ರಾಮನಗರದಲ್ಲಿ ನಮ್ಮಂಥ ಎಷ್ಟೋ ಮನೆಗಳ ಹಿಂದೆ ಇರುವ ಹಾಗೆ ನಮ್ಮ ಮನೆಯ ಹಿಂದೆಯೂ ಅಬ್ಬಾನ ಒಂದು ಚಿಕ್ಕ ರೀಲಿಂಗ್ ಘಟಕ ಇದೆ. ರಿಪೇರಿಯವರು ಫೋನನ್ನು ಎರಡು ದಿನ ಇಟ್ಟುಕೊಂಡು, "ಬೋರ್ಡೇ ಹೋಗಿದೆ" ಎಂದು ವಾಪಸ್ ಕೊಟ್ಟರು. ಫೋನ್ ಹೋದದ್ದಕ್ಕೆ ಅಮ್ಮಿ ಅಷ್ಟೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ದಾದಾ ತೀರಿಕೊಳ್ಳುವ ಮುಂಚಿನ ಈದ್ ದಿನ ಮಕ್ಕಳಿಗೆಲ್ಲ ಈದಿ ಹಂಚುತ್ತಾ ಒಬ್ಬೊಬ್ಬರನ್ನೂ ರೇಗಿಸುತ್ತಿದ್ದ ವಿಡಿಯೊ ಅದರಲ್ಲಿತ್ತು. ಅದರ ನಕಲು ಬೇರೆಲ್ಲೂ ಇರಲಿಲ್ಲ. ನನಗೇ ಕಳಿಸು ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ, ಕೇಳಲೇ ಇಲ್ಲ.

ಆ ರಾತ್ರಿ ದಾದಿ ತಮ್ಮ ತಗಡಿನ ಪೆಟ್ಟಿಗೆಯಿಂದ ಮೂರು ಕ್ಯಾಸೆಟ್ ತೆಗೆದು ನನ್ನ ಮುಂದಿಟ್ಟರು. 1994ರಲ್ಲಿ ಚಾಚಾ ಕೆಲಸಕ್ಕೆಂದು ದಮ್ಮಾಮ್‌ಗೆ ಹೋದಾಗ ಫೋನ್ ಮಾಡುವುದು ತುಂಬಾ ದುಬಾರಿ. ಕಾಗದ ಬರೆಯಲು ದಾದಾಗೆ ಬೇಸರ. ಹಾಗಾಗಿ ಟೇಪ್ ರೆಕಾರ್ಡರ್ ಮುಂದೆ ಕೂತು ಮಾತಾಡಿ, ಆ ಕಡೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರಂತೆ. ಚಾಚಾ ರಜೆಯಲ್ಲಿ ಬಂದಾಗ ಅವುಗಳಲ್ಲಿ ಮೂರನ್ನು ಇಲ್ಲೇ ಬಿಟ್ಟು ಹೋಗಿದ್ದರು. "ಇದನ್ನೂ ನೀರಿಗೆ ಹಾಕಬೇಡಿ" ಅಂದರು ದಾದಿ, ಅಮ್ಮಿಯ ಕಡೆ ನೋಡುತ್ತಾ.

ಹೀಗೆ ನನಗೆ ಮನೆಗೊಂದು ಮೀಡಿಯಾ ಸರ್ವರ್ ಕಟ್ಟುವ ಹುಚ್ಚು ಹತ್ತಿತು. ಹೆಸರು ದೊಡ್ಡದು, ವಿಷಯ ಚಿಕ್ಕದು. ಸದಾ ಆನ್ ಆಗಿರುವ ಒಂದು ಕಂಪ್ಯೂಟರ್, ಅದರಲ್ಲಿ ಮನೆಯ ಎಲ್ಲ ಫೋಟೊ, ವಿಡಿಯೊ, ಧ್ವನಿ. ಮನೆಯ ವೈಫೈನಲ್ಲಿರುವ ಯಾವ ಫೋನಿನಿಂದಲಾದರೂ ಟಿವಿಯಿಂದಲಾದರೂ ಅದನ್ನು ತೆರೆದು ನೋಡಬಹುದು. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಇದಕ್ಕೆ ಬೇಕಾದ ಜೆಲ್ಲಿಫಿನ್ ಎಂಬ ತಂತ್ರಾಂಶ ಪೂರ್ತಿ ಉಚಿತ. ನಮ್ಮ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರ ಹತ್ತಿರ ಹೇಳಿದಾಗ ಅವರು, "ಒಂದು ಪೆನ್‌ಡ್ರೈವ್ ಸಾಕಾಗಲ್ವಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ದಾದಿಗೆ ಪೆನ್‌ಡ್ರೈವ್ ಚುಚ್ಚಲು ಬರುವುದಿಲ್ಲ, ರಿಮೋಟ್ ಒತ್ತಲು ಬರುತ್ತದೆ. ಅಮ್ಮಿ ತಮ್ಮ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕುತ್ತಾರೆಂದು ನಂಬಿಕೊಂಡರೆ ಹಳೆಯ ಕಥೆಯೇ ಮತ್ತೆ.

ನನ್ನ ಮೊದಲ ಪಟ್ಟಿ ನೋಡಿದರೆ ಈಗ ನಗು ಬರುತ್ತದೆ. ಹೊಸ ಪ್ರೊಸೆಸರ್, 16 ಜಿಬಿ ರ್‍ಯಾಮ್, ನಾಲ್ಕು ಹಾರ್ಡ್‌ಡಿಸ್ಕ್, ಬಣ್ಣದ ದೀಪದ ಕ್ಯಾಬಿನೆಟ್. ಒಟ್ಟು 48 ಸಾವಿರ. ನನ್ನ ಹತ್ತಿರ ಇದ್ದದ್ದು ಈದಿ, ಚಾಚಾ ಕೊಟ್ಟದ್ದು, ಅಮ್ಮಿ ಅಕ್ಕಿ ಡಬ್ಬದಿಂದ ತೆಗೆದದ್ದು ಎಲ್ಲ ಸೇರಿ 14 ಸಾವಿರ. ಅಬ್ಬಾ ಬೆಲೆ ನೋಡಿ ಏನೂ ಅನ್ನಲಿಲ್ಲ. "ದಿನಾ ಇಪ್ಪತ್ನಾಲ್ಕು ಗಂಟೆ ಓಡುತ್ತೆ ಅಂತೀಯ. ತಿಂಗಳಿಗೆ ಎಷ್ಟು ಯೂನಿಟ್?" ಎಂದು ಮಾತ್ರ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಅವರು ಯಾಕೆ ಕೇಳಿದರು ಎಂದು ಗೃಹಜ್ಯೋತಿ ಇರುವ ಮನೆಯವರಿಗೆ ಹೇಳಬೇಕಿಲ್ಲ. 200 ಯೂನಿಟ್‌ವರೆಗೆ ಉಚಿತ ಎಂದರೂ, ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ರಲ್ಲಿ ನಾವು ಬಳಸಿದ ತಿಂಗಳ ಸರಾಸರಿಗೆ ಶೇಕಡಾ 10 ಸೇರಿಸಿ ಲೆಕ್ಕ. ನಮ್ಮ ಮನೆಯ ಸರಾಸರಿ 88, ಹಾಗಾಗಿ ಮಿತಿ ಸುಮಾರು 97. ಅದಕ್ಕಿಂತ ಹೆಚ್ಚಾದ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಘಟಕದ ಮೀಟರ್ ಬೇರೆ, ಅಲ್ಲಿಂದ ವೈರ್ ಎಳೆಯುವ ಮಾತೇ ಇಲ್ಲ. ಬೇಸಿಗೆ ಬಿಟ್ಟರೆ ನಮ್ಮ ಬಳಕೆ 85ರ ಆಸುಪಾಸು. ಅಂದರೆ ನನ್ನ ಸರ್ವರ್‌ಗೆ ಉಳಿದದ್ದು ತಿಂಗಳಿಗೆ ಹೆಚ್ಚೆಂದರೆ 12 ಯೂನಿಟ್.

ನೆಂಟರೊಬ್ಬರು ಜೆರಾಕ್ಸ್ ಅಂಗಡಿಯ ಹಳೇ ಡೆಸ್ಕ್‌ಟಾಪನ್ನು ಪುಕ್ಕಟೆ ಕೊಡುತ್ತೇನೆ ಎಂದರು. ಪುಕ್ಕಟೆ ಎಂದರೆ ಯಾರಿಗೆ ಬೇಡ! ತಂದು ಜೋಡಿಸಿದೆ. ಅದು ಎಷ್ಟು ವಿದ್ಯುತ್ ತಿನ್ನುತ್ತದೆ ಎಂದು ಅಳೆಯುವ ಉಪಕರಣ ನನ್ನಲ್ಲಿ ಇರಲಿಲ್ಲ. ಆಗ ಮನೆಯ ಮೀಟರ್‌ನಲ್ಲಿ ಮಿನುಗುವ ಕೆಂಪು ದೀಪ ನೆನಪಾಯಿತು. ನೀವೂ ಹೋಗಿ ನೋಡಿ, ಅದರ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ನಮ್ಮದರಲ್ಲಿ 3200. ಫ್ರಿಜ್, ಫ್ಯಾನ್, ಇನ್ವರ್ಟರ್ ಎಲ್ಲ ಆಫ್ ಮಾಡಿ, ಆ ಕಂಪ್ಯೂಟರ್ ಒಂದನ್ನೇ ಬಿಟ್ಟು, ಗಡಿಯಾರ ಹಿಡಿದು ಮೀಟರ್ ಮುಂದೆ ನಿಂತೆ. ಏಪ್ರಿಲ್ ಬಿಸಿಲು, ಫ್ಯಾನ್ ಇಲ್ಲ. ಮನೆಯವರೆಲ್ಲ ನನ್ನನ್ನು ಶಪಿಸುತ್ತಿದ್ದರು. 10 ನಿಮಿಷಕ್ಕೆ 37 ಮಿನುಗು. ಗಂಟೆಗೆ 222. ಅಂದರೆ ಸುಮ್ಮನೆ ಕೂತಿದ್ದಾಗಲೇ ಸುಮಾರು 69 ವ್ಯಾಟ್, ತಿಂಗಳಿಗೆ 50 ಯೂನಿಟ್. ಭೌತಶಾಸ್ತ್ರದ ಯಾವ ಪ್ರಯೋಗವೂ ನನಗೆ ಇಷ್ಟು ಅರ್ಥವಾಗಿರಲಿಲ್ಲ. ಪುಕ್ಕಟೆ ಡೆಸ್ಕ್‌ಟಾಪ್ ಮರುದಿನವೇ ಅದರ ಮನೆ ಸೇರಿತು.

ಅಲ್ಲಿಂದ ನನ್ನ ಹುಡುಕಾಟದ ದಿಕ್ಕೇ ಬದಲಾಯಿತು. ಕಚೇರಿಗಳಲ್ಲಿ ಮಾನಿಟರ್ ಹಿಂದೆ ಅಂಟಿಸುವ, ದಪ್ಪ ಪುಸ್ತಕದಷ್ಟು ದೊಡ್ಡ ಮಿನಿ ಪಿಸಿಗಳಿವೆ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಹೊರಹಾಕಿದವು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಟಿ ಎಂಬ ಅಕ್ಷರ ಇದ್ದರೆ ಅದು ಕಡಿಮೆ ವಿದ್ಯುತ್ತಿನದು. ಇಲ್ಲಿ ನಾನು ಒಂದು ವಾರ ತಲೆ ಕೆಡಿಸಿಕೊಂಡ ವಿಷಯ ಒಂದಿದೆ. ವಿಡಿಯೊವನ್ನು ಟಿವಿ ನೇರವಾಗಿ ಓದಬಲ್ಲುದಾದರೆ ಸರ್ವರ್‌ಗೆ ಕೆಲಸವೇ ಇಲ್ಲ, ಕಡತವನ್ನು ದಾಟಿಸಿದರೆ ಆಯಿತು. ಟಿವಿಗೆ ಬಾರದ ನಮೂನೆಯಾದರೆ ಮಾತ್ರ ಸರ್ವರ್ ಅದನ್ನು ಆ ಕ್ಷಣದಲ್ಲೇ ಬದಲಾಯಿಸಿ ಕೊಡಬೇಕು. ಅದಕ್ಕೇ ಶಕ್ತಿ ಬೇಕಾಗುವುದು. ದಮ್ಮಾಮ್‌ನ ತಂಗಿ ಐಫೋನ್‌ನಿಂದ ಕಳಿಸುವ ವಿಡಿಯೊಗಳು ಎಚ್‌ಇವಿಸಿ, ಅದೂ 10 ಬಿಟ್. ಇಂಟೆಲ್‌ನ ಆರನೇ ತಲೆಮಾರಿನ ಚಿಪ್‌ನ ಗ್ರಾಫಿಕ್ಸ್ ಭಾಗಕ್ಕೆ 8 ಬಿಟ್ ಬರುತ್ತದೆ, 10 ಬಿಟ್ ಪೂರ್ತಿಯಾಗಿ ಬರುವುದು ಏಳನೆಯದರಿಂದ. ಏಳನೆಯದಕ್ಕೆ 2 ಸಾವಿರ ಹೆಚ್ಚು. ಆ 2 ಸಾವಿರ ಎಲ್ಲಿಂದ ತರುವುದು ಎಂದು ಯೋಚಿಸುತ್ತಿರುವಾಗ ತಂಗಿಗೇ ಮೆಸೇಜ್ ಮಾಡಿದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಹೆಚ್ಚು ಸಾಧನಗಳಿಗೆ ಹೊಂದುವ ನಮೂನೆಯನ್ನು ಆರಿಸುವುದಕ್ಕೆ ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆರನೇ ತಲೆಮಾರೇ ಸಾಕೆಂದು ತೀರ್ಮಾನವಾಯಿತು.

ಒಂದು ಶನಿವಾರ ಬೆಳಗಿನ ರೈಲಿಗೆ ಅಬ್ಬಾ ಮತ್ತು ನಾನು ಹೊರಟೆವು. ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಚಿಕ್ಕಪೇಟೆ ಒಂದೇ ನಿಲ್ದಾಣ. ಮಿನಿ ಪಿಸಿ ಬೇಗ ಸಿಕ್ಕಿತು, 8 ಜಿಬಿ ರ್‍ಯಾಮ್ ಸೇರಿ 7,500. ತಡವಾದದ್ದು ಹಾರ್ಡ್‌ಡಿಸ್ಕ್‌ಗೆ. ಒಂದು ಅಂಗಡಿಯಲ್ಲಿ 2 ಟಿಬಿಯದನ್ನು ತುಂಬಾ ಅಗ್ಗಕ್ಕೆ, "ಹೊಸದೇ, ಡಬ್ಬ ಮಾತ್ರ ಇಲ್ಲ" ಎಂದು ತೋರಿಸಿದರು. ನಾನು ದುಡ್ಡು ತೆಗೆಯುತ್ತಿದ್ದೆ. ಅಬ್ಬಾ ಕೈ ಹಿಡಿದು, "ಒಳಗೆ ನೋಡೋಕೆ ಆಗುತ್ತಾ?" ಎಂದರು. ಗೂಡಿನ ಮಾರುಕಟ್ಟೆಯಲ್ಲಿ ಅವರು ಯಾವತ್ತೂ ಮೇಲಿನ ಗೂಡು ಮುಟ್ಟುವುದಿಲ್ಲ. ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ಆಮೇಲೆ ಬಿಡ್ ಹಾಕುತ್ತಾರೆ. ಡಿಸ್ಕ್‌ಗೂ ತಳ ಇದೆ. ಪ್ರತಿ ಡಿಸ್ಕ್ ತಾನು ಎಷ್ಟು ಗಂಟೆ ಓಡಿದೆ, ಎಷ್ಟು ಜಾಗ ಕೆಟ್ಟಿದೆ ಎಂದು ತನ್ನೊಳಗೇ ಬರೆದುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದು ಕಾಣುತ್ತದೆ. ಅಂಗಡಿಯ ಕಂಪ್ಯೂಟರಿಗೇ ಜೋಡಿಸಿ ನೋಡಿದರೆ 31 ಸಾವಿರ ಗಂಟೆ! ಮೂರೂವರೆ ವರ್ಷ ಎಡೆಬಿಡದೆ ಓಡಿದ "ಹೊಸ" ಡಿಸ್ಕ್. "ಸಾಫ್ಟ್‌ವೇರ್ ತಪ್ಪು ತೋರಿಸ್ತಿದೆ" ಎಂದರು. ಅಬ್ಬಾ ನಕ್ಕು, ಸಲಾಂ ಹೇಳಿ ಹೊರಬಂದರು.

ಕೊನೆಗೆ ಬೇರೆ ಕಡೆ ಸೀಲ್ ಒಡೆಯದ 2 ಟಿಬಿ ಪೋರ್ಟಬಲ್ ಡಿಸ್ಕ್ ಬಿಲ್ ಸಮೇತ 5,800ಕ್ಕೆ ತಂದೆವು. ದೊಡ್ಡ ಗಾತ್ರದ ಡಿಸ್ಕ್ ವೇಗ, ನಿಜ. ಆದರೆ ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಇದು ಯುಎಸ್‌ಬಿ ವಿದ್ಯುತ್ತಿನಲ್ಲೇ ಓಡುತ್ತದೆ. ಒಮ್ಮೆ ಬರೆದು ನೂರು ಸಲ ಓದುವ ನಮ್ಮಂಥವರಿಗೆ ವೇಗ ಕಟ್ಟಿಕೊಂಡು ಏನಾಗಬೇಕು? ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದ 500 ಜಿಬಿ ಡಿಸ್ಕ್‌ಗೆ 350 ರೂಪಾಯಿಯ ಕವಚ, 150ರ ಲ್ಯಾನ್ ಕೇಬಲ್. ಒಟ್ಟು 13,800. ಉಳಿದದ್ದರಲ್ಲಿ ಚಹಾ, ಸಮೋಸ.

ಆ ಹಳೆಯ ಡಿಸ್ಕ್ ಸರ್ವರ್‌ನಲ್ಲಿ ಇಲ್ಲ. ಅದರಲ್ಲಿ ಎಲ್ಲದರ ನಕಲು ಹಾಕಿ ಚನ್ನಪಟ್ಟಣದ ಅತ್ತೆಯ ಬೀರುವಿನಲ್ಲಿ ಇಟ್ಟಿದ್ದೇವೆ. ತಿಂಗಳಿಗೊಮ್ಮೆ ತಂದು ಹೊಸದನ್ನು ಸೇರಿಸುತ್ತೇನೆ. ಎರಡು ಡಿಸ್ಕ್ ಒಂದೇ ಮನೆಯಲ್ಲಿದ್ದರೆ ಸಿಡಿಲಿಗೋ ಕಳ್ಳನಿಗೋ ಎರಡೂ ಒಟ್ಟಿಗೆ ಸಿಗುತ್ತವೆ. ಅಮ್ಮಿಯ ಹೊಸ ಫೋನ್ ಮನೆಯ ವೈಫೈಗೆ ಸೇರಿದ ಕೂಡಲೇ ಫೋಟೊಗಳು ಸಿಂಕ್‌ಥಿಂಗ್ ಮೂಲಕ ತಾವೇ ಸರ್ವರ್‌ಗೆ ಹೋಗುತ್ತವೆ. ಅಮ್ಮಿಗೆ ಇದು ಗೊತ್ತೇ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಕರೆಂಟ್ ಹೋದಾಗಲೆಲ್ಲ ಸರ್ವರ್ ಸಾಯುತ್ತಿತ್ತು, ಇನ್ವರ್ಟರ್ ಇದ್ದರೂ. ಹಿಂಬದಿಯಲ್ಲಿ ಒಂದು ಚಿಕ್ಕ ಸ್ವಿಚ್ ಇರುವುದು ಆಮೇಲೆ ಕಂಡಿತು. ಅದನ್ನು ಯುಪಿಎಸ್ ಕಡೆಗೆ ತಳ್ಳಿದ ಮೇಲೆ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಜತೆಗೆ ಬಯೋಸ್‌ನಲ್ಲಿ, ವಿದ್ಯುತ್ ಬಂದ ಕೂಡಲೇ ತಾನೇ ಆನ್ ಆಗುವಂತೆ ಹೇಳಿದ್ದೇನೆ. ಹೊಸ ಪೆಟ್ಟಿಗೆಯ ಮಿನುಗನ್ನೂ ಎಣಿಸಿದೆ. ಅರ್ಧ ಗಂಟೆಗೆ 19. ಅಂದರೆ ಸುಮಾರು 12 ವ್ಯಾಟ್, ತಿಂಗಳಿಗೆ ಎಂಟೂವರೆ ಯೂನಿಟ್.

ಕ್ಯಾಸೆಟ್ ಕೆಲಸ ನಿಧಾನದ್ದು. ಟೇಪ್ ಪ್ಲೇಯರ್‌ನ ಹೆಡ್‌ಫೋನ್ ರಂಧ್ರದಿಂದ ಕಂಪ್ಯೂಟರಿಗೆ ಒಂದು ಆಕ್ಸ್ ವೈರ್, ಆಡಾಸಿಟಿಯಲ್ಲಿ ರೆಕಾರ್ಡ್. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆ ಕೂರಲೇಬೇಕು, ಬೇರೆ ದಾರಿಯಿಲ್ಲ. ಎರಡನೇ ಕ್ಯಾಸೆಟ್ ಮಧ್ಯದಲ್ಲಿ ಸಿಕ್ಕಿಕೊಂಡಾಗ ನನ್ನ ಉಸಿರೇ ನಿಂತಿತ್ತು. ಪೆನ್ಸಿಲ್ ಹಾಕಿ ಮೆಲ್ಲಗೆ ಸುತ್ತಿ ಬಿಡಿಸಿದೆ. ಎರಡು ನಿಮಿಷದ ಮಾತು ಅಲ್ಲಿ ಹಾಳಾಗಿದೆ.

ಉಳಿದದ್ದು ಚೆನ್ನಾಗಿದೆ. ದಾದಾ ಆ ದಿನದ ಗೂಡಿನ ರೇಟು ಹೇಳುತ್ತಾರೆ, ಮಳೆ ಬಂದದ್ದು ಹೇಳುತ್ತಾರೆ. ಹಿಂದೆ ಚರಕದ ಸದ್ದು ಕೇಳುತ್ತದೆ. ಒಂದು ಕಡೆ ಚರಕ ಥಟ್ಟನೆ ನಿಲ್ಲುತ್ತದೆ. "ಕರೆಂಟ್ ಹೋಯ್ತು, ನಾನು ಸೆಲ್ ಮೇಲೆ ಮಾತಾಡ್ತಿದ್ದೀನಿ" ಎಂದು ನಗುತ್ತಾರೆ. ದಾದಿ ಮಧ್ಯಾಹ್ನ ಊಟವಾದ ಮೇಲೆ ರಿಮೋಟ್ ಹಿಡಿದು ಅದೇ ಜಾಗಕ್ಕೆ ಹೋಗುತ್ತಾರೆ. ಟಿವಿ ಪರದೆಯ ಮೇಲೆ ಚಿತ್ರವೇನೂ ಇರುವುದಿಲ್ಲ. ಆದರೂ ಅವರು ಪರದೆಯನ್ನೇ ನೋಡುತ್ತಾ ಕೂರುತ್ತಾರೆ.

ಹೋದ ತಿಂಗಳ ಬಿಲ್ 94 ಯೂನಿಟ್, ಕಟ್ಟಬೇಕಾದದ್ದು ಸೊನ್ನೆ. ಅಬ್ಬಾ ಅದನ್ನು ಓದಿ ಜೇಬಿಗೆ ಹಾಕಿಕೊಂಡರು. ಇನ್ನೂ ಎರಡು ಕ್ಯಾಸೆಟ್ ದಮ್ಮಾಮ್‌ನಲ್ಲೇ ಇವೆಯಂತೆ, ಚಾಚಾ ಮುಂದಿನ ರಜೆಗೆ ತರುತ್ತಾರೆ. ಅಲ್ಲಿಯವರೆಗೆ ಟೇಪ್ ಪ್ಲೇಯರ್, ವೈರ್, ಪೆನ್ಸಿಲ್ ಖಾಲಿ ಇವೆ. ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಶನಿವಾರ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬ್ ಹತ್ತಿರ ಬನ್ನಿ.