ಗಾಳಿಯನ್ನು ಕೇಳಿ ಹೊರಡುವ ಪ್ರವಾಸ

ಅಟ್ಲಾಸಿನಲ್ಲಿ ಕೆರಿಬಿಯನ್ ಸಮುದ್ರದ ಪುಟ ತೆರೆದು, ಪೋರ್ಟೊರಿಕೊ ದ್ವೀಪದಿಂದ ಬೆರಳನ್ನು ತುಸು ಪೂರ್ವಕ್ಕೆ ಸರಿಸಿದರೆ ಸಾಸಿವೆ ಚೆಲ್ಲಿದಂತೆ ಕೆಲವು ಚುಕ್ಕೆಗಳು ಕಾಣುತ್ತವೆ. ಅವೇ ವರ್ಜಿನ್ ದ್ವೀಪಗಳು. 1493ರಲ್ಲಿ ತನ್ನ ಎರಡನೆಯ ಯಾನದಲ್ಲಿ ಇತ್ತ ಬಂದ ಕೊಲಂಬಸ್, ಸಂತ ಉರ್ಸುಲಾ ಮತ್ತು ಆಕೆಯ ಹನ್ನೊಂದು ಸಾವಿರ ಕನ್ಯೆಯರ ಕಥೆಯನ್ನು ನೆನೆದು ಈ ಹೆಸರಿಟ್ಟ. ಪಶ್ಚಿಮದ ದ್ವೀಪಗಳು ಇಂದು ಅಮೆರಿಕಕ್ಕೆ ಸೇರಿವೆ, ಪೂರ್ವದವು ಬ್ರಿಟನ್ನಿನ ಅಧೀನದಲ್ಲಿವೆ. ಬ್ರಿಟಿಷ್ ಭಾಗದ ಮುಖ್ಯ ದ್ವೀಪ ಟೋರ್ಟೋಲ, ರಾಜಧಾನಿ ರೋಡ್ ಟೌನ್. ಆಳ್ವಿಕೆ ಬ್ರಿಟನ್ನಿನದಾದರೂ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್! ಸಮಭಾಜಕ ವೃತ್ತದಿಂದ ಸುಮಾರು 18 ಡಿಗ್ರಿ ಉತ್ತರದಲ್ಲಿರುವ ಈ ಊರು, ಅಕ್ಷಾಂಶದ ಲೆಕ್ಕದಲ್ಲಿ ನಮ್ಮ ಬೀದರಿಗಿಂತ ಸ್ವಲ್ಪವೇ ಮೇಲಿದೆ.

ಈ ಪುಟ್ಟ ನಾಡಿಗೆ ಜಗತ್ತಿನ ಶ್ರೀಮಂತರು ಬರುವುದು ಹೋಟೆಲಿನಲ್ಲಿ ಉಳಿಯಲಿಕ್ಕಲ್ಲ. ವಾರದ ಮಟ್ಟಿಗೆ ಒಂದು ಹಾಯಿನೌಕೆಯನ್ನು, ಅದರ ಕ್ಯಾಪ್ಟನ್, ಅಡುಗೆಯವರ ಸಮೇತ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಸುತ್ತಲು ಅವರು ಬರುತ್ತಾರೆ. ಇಂಥ ವಿಹಾರನೌಕೆಗೆ ‘ಯಾಟ್’ ಎಂದು ಹೆಸರು. ಬೇಟೆ ಎಂಬ ಅರ್ಥದ ಡಚ್ ಪದದಿಂದ ಬಂದ ಮಾತಿದು. 1660ರಲ್ಲಿ ಡಚ್ಚರು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ‘ಮೇರಿ’ ಎಂಬ ಯಾಟ್ ಉಡುಗೊರೆ ಕೊಟ್ಟ ಮೇಲೆ ಇದು ಅರಸರ ಮೋಜಾಯಿತು. ಟೋರ್ಟೋಲದಲ್ಲಿ 1969ರಲ್ಲಿ ಆರು ದೋಣಿಗಳೊಡನೆ ಒಂದು ಬಾಡಿಗೆ ಸಂಸ್ಥೆ ಆರಂಭವಾದ ಮೇಲೆ, ಅರಸರಲ್ಲದವರೂ ಹಣವಿದ್ದರೆ ವಾರದ ಮಟ್ಟಿಗೆ ಅರಸರಾಗಬಹುದು ಎಂದಾಯಿತು.

ಆದರೆ ಹಣದಿಂದ ನೌಕೆ ಸಿಗುತ್ತದೆ, ಸಮುದ್ರ ಸಿಗುವುದಿಲ್ಲ. ಆದ್ದರಿಂದ ಇಂಥ ಪ್ರವಾಸದ ಯೋಜನೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಖರ್ಚು?’ ಎಂಬುದಲ್ಲ, ‘ಗಾಳಿ ಎತ್ತಣಿಂದ?’ ಎಂಬುದು.

ಗಾಳಿಯ ಪಂಚಾಂಗ

ಸಮಭಾಜಕ ವೃತ್ತದ ಬಳಿ ಬಿಸಿಯಾದ ಗಾಳಿ ಮೇಲೇರುತ್ತದೆ. ಆ ಜಾಗವನ್ನು ತುಂಬಲು ಉತ್ತರದಿಂದ ಗಾಳಿ ಹರಿದುಬರುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಅದು ನೇರವಾಗಿ ಬಾರದೆ ಬಲಕ್ಕೆ ಬಾಗಿ ಈಶಾನ್ಯ ಮಾರುತವಾಗುತ್ತದೆ. ಪಠ್ಯಪುಸ್ತಕದ ‘ವಾಣಿಜ್ಯ ಮಾರುತ’ ಇದೇ. ವರ್ಜಿನ್ ದ್ವೀಪಗಳಲ್ಲಿ ಈ ಗಾಳಿ ವರ್ಷದ ಬಹುಭಾಗ ಪೂರ್ವದ ಕಡೆಯಿಂದಲೇ ಬೀಸುತ್ತದೆ. ಡಿಸೆಂಬರ್, ಜನವರಿಯಲ್ಲಿ ಕೊಂಚ ಬಿರುಸಾಗುತ್ತದೆ. ಅಲ್ಲಿಯವರು ಅದನ್ನು ಕ್ರಿಸ್‌ಮಸ್ ಗಾಳಿ ಎನ್ನುತ್ತಾರೆ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬಾಡಿಗೆ ಹೆಚ್ಚು, ದೋಣಿ ಸಿಗುವುದು ಕಷ್ಟ. ಬೇಸಿಗೆ ಮುಗಿದಂತೆ ಬಾಡಿಗೆ ಇಳಿಯುತ್ತದೆ. ಅಗ್ಗವೆಂದು ಹಿಗ್ಗುವ ಮುನ್ನ ಕಾರಣ ತಿಳಿಯಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್ ಚಂಡಮಾರುತಗಳ ಕಾಲ. 2017ರ ಸೆಪ್ಟೆಂಬರ್ 6ರಂದು ‘ಇರ್ಮಾ’ ಎಂಬ ಐದನೆಯ ದರ್ಜೆಯ ಚಂಡಮಾರುತ ಈ ದ್ವೀಪಗಳ ಮೇಲೆಯೇ ಹಾದುಹೋಯಿತು. ಬಂದರುಗಳಲ್ಲಿ ಕಟ್ಟಿಹಾಕಿದ್ದ ಬಾಡಿಗೆ ನೌಕೆಗಳು ಆಟಿಕೆಗಳಂತೆ ಒಂದರ ಮೇಲೊಂದು ರಾಶಿಬಿದ್ದವು. ರಿಯಾಯಿತಿ ದರದ ಹಿಂದೆ ಇಂಥದೊಂದು ಸಾಧ್ಯತೆಯ ಲೆಕ್ಕವಿರುತ್ತದೆ.

ಮೂರು ಬಗೆಯ ಬಾಡಿಗೆ

ತಿಂಗಳು ಗೊತ್ತಾದ ಮೇಲೆ ನೌಕೆಯ ಆಯ್ಕೆ. ಬರಿಯ ದೋಣಿಯನ್ನು ಪಡೆದು ತಾವೇ ನಡೆಸುವುದು ಒಂದು ಬಗೆ. ಅದಕ್ಕೆ ನೌಕಾಯಾನದ ಅನುಭವವಿರಬೇಕು. ದೋಣಿಯ ಜತೆ ಕ್ಯಾಪ್ಟನ್ ಒಬ್ಬನನ್ನಷ್ಟೇ ಪಡೆಯುವುದು ಎರಡನೆಯದು. ಅಡುಗೆ, ಚಾಕರಿ, ಚಾಲನೆ ಎಲ್ಲಕ್ಕೂ ಸಿಬ್ಬಂದಿ ಇರುವುದು ಮೂರನೆಯದು. ಐಷಾರಾಮಿ ಎನಿಸುವುದು ಇದೇ. ಇಲ್ಲಿ ಎರಡು ಒಡಲಿನ ‘ಕಟಮರಾನ್’ ದೋಣಿಗಳಿಗೆ ಬೇಡಿಕೆ ಹೆಚ್ಚು. ಆ ಹೆಸರು ತಮಿಳಿನ ‘ಕಟ್ಟುಮರಂ’ನಿಂದ ಹೋದದ್ದು, ಕನ್ನಡಿಗರಿಗೂ ಅರ್ಥ ಹೇಳಬೇಕಿಲ್ಲ. ಎರಡು ಒಡಲುಗಳ ನಡುವಿನ ಅಗಲದಿಂದಾಗಿ ಇದು ಹೆಚ್ಚು ವಾಲುವುದಿಲ್ಲ, ಮಕ್ಕಳಿರುವ ಕುಟುಂಬಕ್ಕೆ ಅನುಕೂಲ. ಎಂಟು ಜನ ಹಿಡಿಸುವ ಇಂಥ ದೋಣಿಯಲ್ಲಿ ಸಾಮಾನ್ಯವಾಗಿ ಇಬ್ಬರೇ ಸಿಬ್ಬಂದಿ: ಒಬ್ಬ ಕ್ಯಾಪ್ಟನ್, ಒಬ್ಬರು ಅಡುಗೆಯವರು.

ದೊಡ್ಡ ಯಾಟ್‌ಗಳಲ್ಲಿಯೂ ಅತಿಥಿಗಳು ಹೆಚ್ಚಾಗಿ ಹನ್ನೆರಡಕ್ಕೆ ಮೀರುವುದಿಲ್ಲ. ಹಾಸಿಗೆಗಳ ಕೊರತೆ ಇದಕ್ಕೆ ಕಾರಣವಲ್ಲ. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅಂತರರಾಷ್ಟ್ರೀಯ ಸುರಕ್ಷಾ ಒಪ್ಪಂದದ ಪ್ರಕಾರ ಅದು ‘ಪ್ರಯಾಣಿಕರ ಹಡಗು’ ಎನಿಸಿಕೊಳ್ಳುತ್ತದೆ. ಅದಕ್ಕೆ ಇನ್ನೂ ಕಠಿಣವಾದ ನಿಯಮಗಳು ಅನ್ವಯಿಸುತ್ತವೆ.

ಇನ್ನು ಹಣದ ಮಾತು. ಸಿಬ್ಬಂದಿ ಸಮೇತ ನೌಕೆಗೆ ವಾರಕ್ಕೆ ಹತ್ತಾರು ಸಾವಿರ ಡಾಲರ್ ಬಾಡಿಗೆ. ಕೆರಿಬಿಯನ್ ಕಟಮರಾನ್‌ಗಳಲ್ಲಿ ಬಹುಮಟ್ಟಿಗೆ ಊಟ, ಇಂಧನ ಎಲ್ಲವೂ ಅದರಲ್ಲಿಯೇ ಸೇರಿರುತ್ತದೆ. ದೊಡ್ಡ ಯಾಟ್‌ಗಳ ಪದ್ಧತಿ ಬೇರೆ. ಇಂಧನ, ಆಹಾರ, ಬಂದರು ಶುಲ್ಕಗಳಿಗೆಂದು ಬಾಡಿಗೆಯ ನೂರಕ್ಕೆ 25ರಿಂದ 35ರಷ್ಟನ್ನು ಮುಂಗಡವಾಗಿ ಕ್ಯಾಪ್ಟನ್ನನ ಕೈಗೆ ಕೊಡಬೇಕು. ಬಾಡಿಗೆ 30,000 ಡಾಲರ್, ಮುಂಗಡ ನೂರಕ್ಕೆ 30 ಎಂದಿಟ್ಟುಕೊಂಡರೆ ಇನ್ನೂ 9,000 ಡಾಲರ್ ಬೇಕು. ಕೊನೆಯ ದಿನ ಲೆಕ್ಕ ಒಪ್ಪಿಸಿ ಉಳಿದದ್ದನ್ನು ಮರಳಿಸುತ್ತಾರೆ. ಸಿಬ್ಬಂದಿಗೆ ಕೊಡುವ ಭಕ್ಷೀಸು ಬೇರೆ, ಕೆರಿಬಿಯನ್‌ನಲ್ಲಿ ಅದು ಬಾಡಿಗೆಯ ನೂರಕ್ಕೆ 15ರಿಂದ 20. ಕರಾರಿಗೆ ಸಹಿ ಹಾಕುವ ಮುನ್ನ ಇವನ್ನೆಲ್ಲ ಕೂಡಿ ನೋಡಬೇಕು. ಚಂಡಮಾರುತ ಬಂದು ಪ್ರವಾಸ ನಿಂತರೆ ಕೊಟ್ಟ ಹಣ ಏನಾಗುತ್ತದೆ ಎಂಬ ಷರತ್ತನ್ನು ಎರಡು ಬಾರಿ ಓದಬೇಕು.

ಹೊರಡುವ ಮುಂಚೆ ಅತಿಥಿಗಳಿಗೆ ಒಂದು ಪ್ರಶ್ನಪತ್ರಿಕೆ ಬರುತ್ತದೆ. ಏನು ತಿನ್ನುತ್ತೀರಿ, ಏನು ಒಗ್ಗುವುದಿಲ್ಲ, ಯಾವ ಕಾಯಿಲೆಯಿದೆ, ಯಾರಿಗೆ ಈಜು ಬರುವುದಿಲ್ಲ? ಸಂಕೋಚದಿಂದ ಇದರಲ್ಲಿ ಏನನ್ನೂ ಮುಚ್ಚಿಡಬಾರದು. ಮಗುವಿಗೆ ಕಡಲೆಕಾಯಿ ಒಗ್ಗದೆಂಬುದು ನಡುಗಡಲಿನಲ್ಲಿ ಗೊತ್ತಾದರೆ ಹತ್ತಿರದಲ್ಲಿ ಆಸ್ಪತ್ರೆಯಿರುವುದಿಲ್ಲ. ಈಜು ಬಾರದವರೆಂದು ತಿಳಿದರೆ ಸಿಬ್ಬಂದಿ ಅಳತೆಗೆ ತಕ್ಕ ಜೀವರಕ್ಷಕ ಅಂಗಿಯನ್ನು ಮೊದಲೇ ತರಿಸಿಡುತ್ತಾರೆ. ಸಾಮಾನನ್ನು ಗಟ್ಟಿ ಪೆಟ್ಟಿಗೆಯಲ್ಲಿ ತರದೆ ಮಡಚಿಡಬಹುದಾದ ಬಟ್ಟೆಯ ಚೀಲದಲ್ಲಿ ತರಬೇಕೆಂಬ ಸೂಚನೆಯೂ ಬರುತ್ತದೆ. ದೋಣಿಯಲ್ಲಿ ಪೆಟ್ಟಿಗೆಗೆ ಜಾಗವಿಲ್ಲ.

ದಾರಿಯ ಲೆಕ್ಕ

ಟೋರ್ಟೋಲದ ದಕ್ಷಿಣಕ್ಕೆ ನಾರ್ಮನ್, ಪೀಟರ್, ಸಾಲ್ಟ್, ಕೂಪರ್, ಜಿಂಜರ್ ದ್ವೀಪಗಳು ಬೇಲಿಯಂತೆ ಸಾಲಾಗಿ ನಿಂತಿವೆ. ನಡುವಿನ ಜಲಮಾರ್ಗಕ್ಕೆ ಸರ್ ಫ್ರಾನ್ಸಿಸ್ ಡ್ರೇಕ್ ಕಾಲುವೆ ಎಂದು ಹೆಸರು. ತೆರೆದ ಸಾಗರದ ದೊಡ್ಡ ಅಲೆಗಳನ್ನು ಈ ಬೇಲಿ ತಡೆಯುತ್ತದೆ. ಗಾಳಿ ಮಾತ್ರ ಧಾರಾಳವಾಗಿ ಸಿಗುತ್ತದೆ. ಹಾಯಿ ಕಲಿಯುವವರಿಗೆ, ಮಕ್ಕಳೊಡನೆ ಬರುವವರಿಗೆ ಈ ದ್ವೀಪಗಳು ಮೆಚ್ಚುಗೆಯಾಗಿರುವುದರ ಗುಟ್ಟು ಇಷ್ಟೇ.

ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಸಾಗಲಾರದು. ಪೂರ್ವಕ್ಕೆ ಹೋಗಬೇಕಾದರೆ ಒಮ್ಮೆ ಈಶಾನ್ಯಕ್ಕೆ, ಒಮ್ಮೆ ಆಗ್ನೇಯಕ್ಕೆ ಅಂಕುಡೊಂಕಾಗಿ ಏರಬೇಕು. ಆದುದರಿಂದ ಕ್ಯಾಪ್ಟನ್‌ಗಳು ಎದುರುಗಾಳಿಯ ದಾರಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದು ವಾರದ ಮೊದಲಿಗೇ ಮುಗಿಸಲು ನೋಡುತ್ತಾರೆ. ಮೊದಲ ದಿನ ನಾರ್ಮನ್ ದ್ವೀಪದ ಗುಹೆಗಳು, ಮರುದಿನ ಸಾಲ್ಟ್ ದ್ವೀಪ, ಮೂರನೆಯ ದಿನ ವರ್ಜಿನ್ ಗೋರ್ಡ. ಮರಳುವಾಗ ಗಾಳಿ ಬೆನ್ನಿಗಿರುತ್ತದೆ.

ವರ್ಜಿನ್ ಗೋರ್ಡದ ‘ಬಾತ್ಸ್’ ಎಂಬಲ್ಲಿ ಮನೆಗಾತ್ರದ ಗ್ರಾನೈಟ್ ಬಂಡೆಗಳು ಕಡಲತೀರದಲ್ಲಿ ಒಂದಕ್ಕೊಂದು ಒರಗಿ ನಿಂತಿವೆ. ಭೂಗರ್ಭದಲ್ಲಿ ನಿಧಾನವಾಗಿ ತಣಿದ ಶಿಲಾರಸ ಮೇಲೆ ಬಂದು, ಸವೆದು, ದುಂಡಾದದ್ದು ಹೀಗೆ. ಬಂಡೆಗಳ ಸಂದಿನಲ್ಲಿ ಸಮುದ್ರದ ನೀರು ಕೊಳಗಳಾಗಿ ನಿಲ್ಲುತ್ತದೆ. ಇಲ್ಲಿ ಲಂಗರು ಹಾಕುವುದರ ಬದಲು ತೇಲುಬುರುಡೆಗೆ ದೋಣಿ ಕಟ್ಟುತ್ತಾರೆ, ಏಕೆಂದರೆ ಲಂಗರಿನ ಸರಪಳಿ ತಳದ ಹವಳವನ್ನು ಪುಡಿಮಾಡುತ್ತದೆ. ಆದರೆ ಬುರುಡೆಗಳು ಕೆಲವೇ ಇರುವುದರಿಂದ ಮುಂಜಾನೆಯೇ ತಲುಪಬೇಕು. ದಡದಲ್ಲಿ ಕೆಂಪು ಬಾವುಟವಿದ್ದರೆ, ಎಷ್ಟೇ ಬಾಡಿಗೆ ಕೊಟ್ಟವರಾದರೂ ನೀರಿಗಿಳಿಯುವಂತಿಲ್ಲ.

ಅಲ್ಲಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಅನೆಗಾಡ ಮಿಕ್ಕ ದ್ವೀಪಗಳಂತಲ್ಲ. ಅವು ಬೆಟ್ಟಗಳು, ಟೋರ್ಟೋಲದ ಸೇಜ್ ಶಿಖರ 523 ಮೀಟರ್ ಎತ್ತರವಿದೆ. ಇದು ಹವಳ ಮತ್ತು ಸುಣ್ಣಕಲ್ಲಿನ ಹಾಸು, ಅತಿ ಎತ್ತರದ ಜಾಗವೇ ಸುಮಾರು 8 ಮೀಟರ್. ವಸ್ತುವೊಂದರ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ, ಅದರ ತುದಿ ನೀರಿನ ಮಟ್ಟದಿಂದ ಎಷ್ಟು ಕಿಲೋಮೀಟರ್ ದೂರದವರೆಗೆ ಕಾಣುತ್ತದೆಂಬುದು ಸುಮಾರಾಗಿ ಸಿಗುತ್ತದೆ. ಸೇಜ್ ಶಿಖರಕ್ಕೆ ಇದು 80 ಕಿಲೋಮೀಟರಿಗೂ ಹೆಚ್ಚು, ಅನೆಗಾಡಕ್ಕೆ ಕೇವಲ 10! ದೋಣಿಯ ಮೇಲೆ ನಿಂತವರ ಕಣ್ಣಿನ ಎತ್ತರವನ್ನು ಸೇರಿಸಿಕೊಂಡರೂ, ಹೊರಟಾಗ ಅನೆಗಾಡ ಕಾಣುವುದಿಲ್ಲ. ಅರ್ಧ ದಾರಿಯ ಹೊತ್ತಿಗೆ ಮೊದಲು ಮರಗಳ ತಲೆ, ಆಮೇಲೆ ನೆಲ. ಇದರ ಸುತ್ತಲಿನ ಹಾರ್ಸ್‌ಶೂ ಹವಳದಿಬ್ಬಕ್ಕೆ ಹಿಂದೆ ನೂರಾರು ಹಡಗುಗಳು ಬಡಿದು ಮುಳುಗಿದ್ದು ಆಶ್ಚರ್ಯವಲ್ಲ.

ಕ್ಯಾಲೆಂಡರ್ ನಂಬಿದ ಹಡಗು

ಸಾಲ್ಟ್ ದ್ವೀಪದ ಬಳಿ ನೀರಿನಡಿ ಮಲಗಿರುವ ‘ರೋನ್’ ಎಂಬ ಹಡಗನ್ನು ನೋಡಲು ಮುಳುಗುಗಾರರು ಬರುತ್ತಾರೆ. ಅದು ಬ್ರಿಟನ್ನಿನ ಅಂಚೆ ಹಡಗು, 1865ರಲ್ಲಿ ಕಟ್ಟಿದ್ದು, ಆ ಕಾಲಕ್ಕೆ ಅತ್ಯಾಧುನಿಕ. 1867ರ ಅಕ್ಟೋಬರ್ 29ರಂದು ಪೀಟರ್ ದ್ವೀಪದಲ್ಲಿ ನಿಂತಿದ್ದಾಗ ವಾಯುಭಾರಮಾಪಕದ ಮಟ್ಟ ಇಳಿಯತೊಡಗಿತು. ಚಂಡಮಾರುತದ ಕಾಲ ಮುಗಿಯಿತೆಂದು ಎಣಿಸಿದ್ದ ದಿನಗಳವು. ಬಂದದ್ದು ಚಂಡಮಾರುತವೇ. ಮೊದಲ ಹೊಡೆತದ ಬಳಿಕ ಅದರ ‘ಕಣ್ಣು’ ಹಾದುಹೋಗುವಾಗ ಎಲ್ಲ ಶಾಂತವಾಯಿತು. ಆ ಬಿಡುವಿನಲ್ಲಿ ಹಡಗು ತೆರೆದ ಸಮುದ್ರದ ಕಡೆಗೆ ಓಡಿತು. ಚಂಡಮಾರುತದ ಕಣ್ಣು ದಾಟಿದೊಡನೆ ಗಾಳಿ ವಿರುದ್ಧ ದಿಕ್ಕಿನಿಂದ ಬೀಸುತ್ತದೆ. ಹಾಗೆ ಬೀಸಿದ ಗಾಳಿ ಹಡಗನ್ನು ಸಾಲ್ಟ್ ದ್ವೀಪದ ಬಂಡೆಗೆ ಅಪ್ಪಳಿಸಿತು. ಕಾದ ಬಾಯ್ಲರುಗಳಿಗೆ ತಣ್ಣೀರು ನುಗ್ಗಿ ಸಿಡಿದವು. ನೂರಕ್ಕೂ ಹೆಚ್ಚು ಜನ ಸತ್ತರು.

ಇಂದು ಉಪಗ್ರಹಗಳು ಚಂಡಮಾರುತವನ್ನು ದಿನಗಳ ಮೊದಲೇ ತೋರಿಸುತ್ತವೆ. ಆದರೂ ಬಾಡಿಗೆ ಕರಾರಿನಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಸುರಕ್ಷತೆಯ ವಿಷಯದಲ್ಲಿ ಕ್ಯಾಪ್ಟನ್ನನ ತೀರ್ಮಾನವೇ ಕೊನೆ. ‘ನಾಳೆ ಅನೆಗಾಡ ಬೇಡ’ ಎಂದು ಅವನು ಹೇಳಿದರೆ ಹಣ ಕೊಟ್ಟವರು ಸುಮ್ಮನಿರಬೇಕು. ಮಕ್ಕಳು ಹಟ ಮಾಡಿದಾಗ ತಂದೆತಾಯಿಯರು ಅವನ ಮೇಲೆ ಒತ್ತಡ ತರದಿರುವುದೂ ಯೋಜನೆಯ ಒಂದು ಭಾಗವೇ.

ನೀರಿನ ನಡುವೆ ನೀರಿನ ಚಿಂತೆ

ತೇಲುವ ಮನೆಯಲ್ಲಿ ಎಲ್ಲವನ್ನೂ ಎಣಿಸಬೇಕು. ತೊಟ್ಟಿಯಲ್ಲಿ 800 ಲೀಟರ್ ಸಿಹಿನೀರಿದೆ, ಸಿಬ್ಬಂದಿ ಸೇರಿ ಹತ್ತು ಜನರಿದ್ದಾರೆ ಎನ್ನೋಣ. ತಲೆಗೆ 80 ಲೀಟರ್. ಮನಸೋ ಇಚ್ಛೆ ಸ್ನಾನ ಮಾಡಿದರೆ ಎರಡು ದಿನಕ್ಕೂ ಸಾಲದು. ಆದ್ದರಿಂದ ದೊಡ್ಡ ದೋಣಿಗಳಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿರುತ್ತದೆ. ಮನೆಯ ಆರ್‌ಓ ಶುದ್ಧಕದ ತತ್ವವೇ ಇದರದೂ. ಆದರೆ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ನೀರನ್ನು ಪೊರೆಯ ಮೂಲಕ ನೂಕಲು ವಾಯುಮಂಡಲದ ಒತ್ತಡದ ಐವತ್ತು ಅರವತ್ತು ಪಟ್ಟು ಒತ್ತಡ ಬೇಕು. ಅದಕ್ಕೆ ವಿದ್ಯುತ್ತು, ವಿದ್ಯುತ್ತಿಗೆ ಇಂಧನ. ನಲ್ಲಿ ತೆರೆದಿಟ್ಟರೆ ಡೀಸೆಲ್ ಸುರಿದಂತೆಯೇ ಎಂಬುದು ಇಲ್ಲಿ ಮಕ್ಕಳಿಗೂ ಅರ್ಥವಾಗುತ್ತದೆ.

ಅತಿಥಿಗಳು ಏಳುವ ಮೊದಲೇ ಡೆಕ್ ಒರೆಸಿ, ಹವಾಮಾನ ವರದಿ ನೋಡಿ, ತಿಂಡಿ ಸಿದ್ಧಪಡಿಸುವವರಿಗೆ ಇದು ರಜೆಯಲ್ಲ, ನೌಕರಿ. ಅಂತರರಾಷ್ಟ್ರೀಯ ಮಟ್ಟದ ಸುರಕ್ಷಾ ತರಬೇತಿ, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವ ಅಭ್ಯಾಸ ಇವನ್ನೆಲ್ಲ ಮುಗಿಸಿ ಬಂದವರು. ಅವರೊಡನೆ ಹಾಯಿಹಗ್ಗ ಎಳೆದು, ಗಂಟು ಹಾಕಲು ಕಲಿತ ಮಗು, ಬರಿದೆ ಒರಗಿ ಕುಳಿತ ಮಗುವಿಗಿಂತ ಹೆಚ್ಚನ್ನು ಮನೆಗೆ ತರುತ್ತದೆ. ತಲೆಸುತ್ತು ಬಂದಾಗ ದಿಗಂತವನ್ನು ನೋಡಬೇಕೆಂದು ಅವರೇ ಹೇಳಿಕೊಡುತ್ತಾರೆ. ಒಳಗಿವಿ ‘ಅಲುಗುತ್ತಿದೆ’ ಎನ್ನುವಾಗ ಕೋಣೆಯ ಗೋಡೆ ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ದಿಗಂತ ನೋಡಿದರೆ ಈ ಜಗಳ ಕಡಿಮೆಯಾಗುತ್ತದೆ.

ಇಷ್ಟು ಡಾಲರ್ ಕೊಡಬಲ್ಲ ಕುಟುಂಬಗಳು ವಿರಳ. ಆದರೆ ಯೋಜನೆ ಮಾಡಲು ಡಾಲರ್ ಬೇಕಿಲ್ಲ. ಒಂದು ಅಟ್ಲಾಸ್, ಒಂದು ಅಳತೆಪಟ್ಟಿ, ಒಂದು ಪೆನ್ಸಿಲ್ ಸಾಕು. ಏಳು ದಿನ, ಎಂಟು ಜನ, ಪೂರ್ವದಿಂದ ಗಾಳಿ. ಯಾವ ತಿಂಗಳು ಹೊರಡಬೇಕು, ಯಾವ ದ್ವೀಪ ಮೊದಲು, ಎಷ್ಟು ಲೀಟರ್ ನೀರು, ಗಾಳಿ ಕೆಟ್ಟರೆ ಯಾವ ಕೊಲ್ಲಿಯಲ್ಲಿ ಆಶ್ರಯ? ಬೇಸಿಗೆ ರಜೆಯ ಒಂದು ಮಧ್ಯಾಹ್ನ ತಂದೆ ತಾಯಿ ಮಕ್ಕಳು ಕೂಡಿ ಕುಳಿತು ಬಿಡಿಸಬಹುದಾದ ಲೆಕ್ಕವಿದು.